ಹಸಿ ಚರ್ಮದ ಒರೆಯನ್ನು ಚಾಕುವಿನ ಮೇಲೆಯೇ ಒಣಗಿಸಬೇಡಿ

ಬಡಿದು, ಉಜ್ಜಿ, ಸಾಣೆ ಹಿಡಿದು ಕೈಯಲ್ಲೇ ಮಾಡಿದ ಹೈ ಕಾರ್ಬನ್ ಸ್ಟೀಲಿನ ಚಾಕು. ಹದ ಮಾಡದ ಹಸಿ ಚರ್ಮವನ್ನು ನೆನೆಸಿ, ಅಲಗಿಗೇ ಸುತ್ತಿ ಹೊಲಿದು, ಬಿಸಿಲಿಗೆ ಇಟ್ಟದ್ದಾಯಿತು. ಒಣಗಿದ ಮೇಲೆ ಒರೆ ಹಲಗೆಯಂತೆ ಗಟ್ಟಿಯಾಗಿ ಕೂತಿತ್ತು, ಚಾಕು ಒಂದಿಷ್ಟೂ ಕದಲಲಿಲ್ಲ. ಜೋರಾಗಿ ಎಳೆದಾಗ ಅಲಗು ಹೊಲಿಗೆಯನ್ನೇ ಸೀಳಿಕೊಂಡು ಹೊರಬಂತು. ಒರೆ ಹಿಡಿದಿದ್ದ ಬೆರಳುಗಳು ಹೊಲಿಗೆಯ ಕಡೆಗಿದ್ದವು, ಗಾಯ ಆಳವಾಗಿಯೇ ಆಯಿತು. ಅಲಗಿನ ಎರಡೂ ಮೈಗೆ ಕಂದು ತುಕ್ಕು. ಉಜ್ಜಿ ತೆಗೆದರೆ ಕೆಳಗೆ ಸೂಜಿಮೊನೆಯಷ್ಟು ಗುಳಿಗಳು.

ಹಸಿ ಚರ್ಮ ಒಣಗುತ್ತಾ ಕುಗ್ಗುತ್ತದೆ, ಕುಗ್ಗುತ್ತಾ ಒಳಗಿರುವುದನ್ನು ಬಿಗಿಹಿಡಿಯುತ್ತದೆ. ಜೊತೆಗೆ ಎರಡು ಮೂರು ದಿನ ತೇವವನ್ನು ಉಕ್ಕಿಗೆ ಒತ್ತಿ ಹಿಡಿದಿರುತ್ತದೆ. ಉಪ್ಪು ಹಾಕಿ ಕಾಪಾಡಿದ ಚರ್ಮವಾದರೆ ಕೇಳುವುದೇ ಬೇಡ, ಗುಳಿ ಬೀಳುವುದು ಆ ಉಪ್ಪಿನಿಂದಲೇ. ನೆನೆಸುವಾಗ ಮೂರು ನಾಲ್ಕು ಸಲ ನೀರು ಬದಲಿಸಿ. ಬೇಗ ಮೆತ್ತಗಾಗಲಿ ಎಂದು ಬಿಸಿನೀರು ಹಾಕಲೇಬೇಡಿ: ಒದ್ದೆ ಚರ್ಮ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮುದುಡಿಹೋಗುತ್ತದೆ, ಆಮೇಲೆ ಸರಿಹೋಗುವುದಿಲ್ಲ. ತಣ್ಣೀರಲ್ಲಿ ರಾತ್ರಿಯಿಡೀ ಬಿಟ್ಟರೆ ಸಾಕು.

ಅಲಗಿನ ಬದಲು ಮರದ ಅಚ್ಚು ಮಾಡಿಕೊಳ್ಳಿ. ಆಕಾರ ಅಲಗಿನದೇ, ದಪ್ಪ ಮಾತ್ರ 1 ಮಿಲಿಮೀಟರ್ ಹೆಚ್ಚು. ಒರೆಯ ಬಾಯಿಯ ಹತ್ತಿರ ಇರುವುದಕ್ಕಿಂತ ಮುಂದೆ ಎಲ್ಲಿಯೂ ಅಚ್ಚು ಅಗಲವಾಗಬಾರದು, ಅಗಲವಾದರೆ ಎಳೆಯಲು ಬರುವುದಿಲ್ಲ. ಹಿಡಿದು ಎಳೆಯಲು ಬಾಲವೊಂದು ಹೊರಗೆ ಉಳಿಯಲಿ. ಮೈ ನಯವಾಗಿ ಉಜ್ಜಿ, ತೆಳು ಪ್ಲಾಸ್ಟಿಕ್ ಸುತ್ತಿ.

1.5ರಿಂದ 2 ಮಿಲಿಮೀಟರ್ ದಪ್ಪದ ಚರ್ಮ ಸಾಕು. ಮಡಿಕೆ ಬೆನ್ನಿನ ಕಡೆ, ಹೊಲಿಗೆ ಹರಿತದ ಕಡೆ. ಎರಡು ಪದರಗಳ ನಡುವೆ ಅದೇ ಚರ್ಮದ ಪಟ್ಟಿಯೊಂದನ್ನು ಉದ್ದಕ್ಕೂ ಇಟ್ಟು ಹೊಲಿಯಲೇಬೇಕು. ಹರಿತ ಆ ಪಟ್ಟಿಗೆ ತಾಗಬೇಕೇ ಹೊರತು ದಾರಕ್ಕಲ್ಲ. ಇದೊಂದನ್ನು ಬಿಟ್ಟರೆ ಉಳಿದೆಲ್ಲ ಸರಿಯಿದ್ದರೂ ಒರೆ ಅಪಾಯಕಾರಿಯೇ. ಚರ್ಮ ಒದ್ದೆಯಿರುವಾಗಲೇ ದಬ್ಬಳದಿಂದ ತೂತು ಹಾಕಿ, ಅಂಚಿನಿಂದ 5 ಮಿಲಿಮೀಟರ್ ಒಳಗೆ. ಇನ್ನೂ ಹತ್ತಿರವಾದರೆ ಕುಗ್ಗುವಾಗ ಅಂಚು ಹರಿಯುತ್ತದೆ. ತುದಿಯಲ್ಲಿ ನೀರು ಇಳಿಯಲು ಸಣ್ಣ ರಂಧ್ರ ಬಿಡಿ.

ಒಣಗಿಸುವುದು ನೆರಳಿನಲ್ಲಿ, ಗಾಳಿಯಾಡುವ ಕಡೆ. ಬಿಸಿಲಲ್ಲಿ ಹೊರಮೈ ಮೊದಲು ಒಣಗಿ ಒರೆ ತಿರುಚಿಕೊಳ್ಳುತ್ತದೆ. ಆಕಾರ ನಿಂತ ಮೇಲೆ ದಿನಕ್ಕೊಮ್ಮೆ ಅಚ್ಚನ್ನು ಎಳೆದು, ಒಳಗೆ ಗಾಳಿಯಾಡಲು ಬಿಟ್ಟು, ಮತ್ತೆ ತೂರಿಸಿ. ಮುಟ್ಟಿ ನೋಡಿ ಒಣಗಿದೆ ಎಂದು ನಂಬಬೇಡಿ, ಹೊರಗೆ ಒಣಗಿದ್ದರೂ ಪಟ್ಟಿಯ ಪಕ್ಕ ತೇವ ಉಳಿದಿರುತ್ತದೆ. ತೂಕ ಮಾಡಿ, ಎರಡು ದಿನ ತೂಕ ಇಳಿಯದಿದ್ದರೆ ಮಾತ್ರ ಚಾಕು ಒಳಗೆ ಹೋಗಲಿ, ಅದೂ ಎಣ್ಣೆ ಸವರಿ. ಹೊರಮೈಗೆ ಜೇನುಮೇಣ ಬಳಿಯಿರಿ. ಆದರೂ ಮಳೆಯಲ್ಲಿ ನೆನೆದರೆ ಒರೆ ಮತ್ತೆ ಮೆತ್ತಗಾಗುತ್ತದೆ, ಆಗ ಚಾಕುವನ್ನು ಕೂಡಲೇ ಹೊರತೆಗೆಯಿರಿ.

ಈಗಾಗಲೇ ಅಂಟಿಕೊಂಡಿದ್ದರೆ ಎಳೆಯಬೇಡಿ, ಬೆಂಕಿಗೂ ಹಿಡಿಯಬೇಡಿ. ಹಿಡಿಗೆ ನೀರು ತಾಗದಂತೆ ಒರೆಯನ್ನಷ್ಟೇ ತಣ್ಣೀರಲ್ಲಿ ನಿಲ್ಲಿಸಿ. ಕೆಲವು ಗಂಟೆಗಳಲ್ಲಿ ಚರ್ಮ ಸಡಿಲುತ್ತದೆ. ಬೆರಳುಗಳನ್ನು ಬೆನ್ನಿನ ಕಡೆಗಿಟ್ಟು ನಿಧಾನವಾಗಿ ಜಾರಿಸಿ, ಅಲಗನ್ನು ಒರೆಸಿ ಆಗಲೇ ಎಣ್ಣೆ ಹಚ್ಚಿ.