ಬೀಟಲ್ ಅಥವಾ 2ಸಿವಿ: ಕಾಲವನ್ನು ಮೀರಿ ಬಾಳಿದ ಎರಡು ಕಾರುಗಳ ಹೋಲಿಕೆ

ಹಳೆಯ ಕಾರೊಂದನ್ನು ಓಡಿಸಲೆಂದೇ ಕೊಳ್ಳಬಯಸುವವರು ಫೋಕ್ಸ್‌ವ್ಯಾಗನ್ ಬೀಟಲ್ ಹಾಗೂ ಸಿಟ್ರೊಯೆನ್ 2ಸಿವಿಗಳ ನಡುವೆ ಗೊಂದಲಕ್ಕೀಡಾಗುವುದು ಸಹಜ. 1938ರಲ್ಲಿ ಆರಂಭವಾದ ಬೀಟಲ್‌ನ ತಯಾರಿಕೆ 2003ರಲ್ಲಿ ಮೆಕ್ಸಿಕೊದಲ್ಲಿ ನಿಲ್ಲುವ ಹೊತ್ತಿಗೆ 2.1 ಕೋಟಿಗೂ ಹೆಚ್ಚು ಕಾರುಗಳು ಹೊರಬಂದಿದ್ದವು. 1948ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನಗೊಂಡ 2ಸಿವಿಯ ತಯಾರಿಕೆ 1990ರಲ್ಲಿ ಪೋರ್ಚುಗಲ್‌ನಲ್ಲಿ ಕೊನೆಗೊಂಡಿತು.

ಎರಡರ ಎಂಜಿನ್ನೂ ಗಾಳಿಯಿಂದಲೇ ತಣ್ಣಗಾಗುವುದರಿಂದ ರೇಡಿಯೇಟರ್ ಸೋರುವ ಚಿಂತೆಯಿಲ್ಲ. ಬೀಟಲ್‌ನ ನಾಲ್ಕು ಸಿಲಿಂಡರ್‌ಗಳ ಎಂಜಿನ್ ಹಿಂಬದಿಯಲ್ಲಿದ್ದು ಹಿಂದಿನ ಚಕ್ರಗಳನ್ನೇ ತಿರುಗಿಸುತ್ತದೆ; ಹೆದ್ದಾರಿಯಲ್ಲಿ ಅದು ತಕ್ಕಮಟ್ಟಿಗೆ ನಿಭಾಯಿಸುತ್ತದೆ, ಆದರೆ ಹಳೆಯ ಮಾದರಿಗಳು ತಿರುವಿನಲ್ಲಿ ಅವಸರವನ್ನು ಸಹಿಸುವುದಿಲ್ಲ. 375 ಸಿಸಿಯಿಂದ ಆರಂಭಿಸಿ 602 ಸಿಸಿಗೆ ಬೆಳೆದ 2ಸಿವಿಯ ಎರಡು ಸಿಲಿಂಡರ್‌ಗಳ ಎಂಜಿನ್‌ಗೆ ಏರುದಾರಿಯಲ್ಲಿ ತಾಳ್ಮೆ ಬೇಕು. ಆದರೆ ಉತ್ತ ಹೊಲವನ್ನು ಮೊಟ್ಟೆಯ ಬುಟ್ಟಿಯೊಂದಿಗೆ ಒಂದೂ ಒಡೆಯದಂತೆ ದಾಟಬೇಕೆಂಬ ಬೇಡಿಕೆಯಿಂದ ಹುಟ್ಟಿದ, ರಸ್ತೆಯ ಕುಲುಕಾಟವನ್ನು ತಡೆಯುವ ಅದರ ಸಸ್ಪೆನ್ಶನ್‌ನಲ್ಲಿ, ಒಂದೇ ಬದಿಯ ಮುಂದಿನ ಮತ್ತು ಹಿಂದಿನ ಚಕ್ರಗಳು ಪರಸ್ಪರ ಜೋಡಣೆಗೊಂಡಿರುವುದರಿಂದ, ಕೆಟ್ಟ ರಸ್ತೆಯಲ್ಲಿ ದೊರೆಯುವ ಆ ತೇಲುವ ಸುಖ ಬೀಟಲ್‌ನಲ್ಲಿ ಇಲ್ಲ. ತಿರುವಿನಲ್ಲಿ 2ಸಿವಿ ವಾಲುವ ಪರಿಗೆ ಮೊದಲ ಬಾರಿ ಕುಳಿತವರು ಹೆದರಬಹುದು!

ತುಕ್ಕು ಎರಡಕ್ಕೂ ಶತ್ರು. ಬೀಟಲ್‌ನಲ್ಲಿ ನೆಲದ ತಗಡನ್ನೂ ಬಾಗಿಲ ಕೆಳಗಿನ ಬಿಸಿಗಾಳಿಯ ಕೊಳವೆಗಳನ್ನೂ, 2ಸಿವಿಯಲ್ಲಿ ಕಾರಿನ ತಳದ ಚೌಕಟ್ಟಾದ ಚಾಸಿಯನ್ನೂ ಮೊದಲು ಪರೀಕ್ಷಿಸಬೇಕು.

ನಿತ್ಯ ದೂರ ಪ್ರಯಾಣಿಸುವವರಿಗೆ ಬೀಟಲ್ ಸೂಕ್ತ. ವಾರಾಂತ್ಯದಲ್ಲಿ ಬಟ್ಟೆಯ ಚಾವಣಿಯನ್ನು ಸುತ್ತಿಟ್ಟು ನಿಧಾನವಾಗಿ ಸಾಗುವವರಿಗೆ ನನ್ನ ಸಲಹೆ 2ಸಿವಿಯೇ.