ಪಠ್ಯದೊಳಗಿನ ಸಂಖ್ಯೆ ಬದಲಿಸಲು ಪೈಥಾನ್‌ನ ‘ಸಬ್’ ಫಂಕ್ಷನ್: ಒಂದು ವಿಮರ್ಶೆ

ಪುಸ್ತಕವೊಂದರ ಕರಡಿಗೆ ಹೊಸ ಅಧ್ಯಾಯ ಸೇರಿದ್ದರಿಂದ ‘ಅಧ್ಯಾಯ 07’ ಎಂಬಂಥ ನೂರಾರು ಉಲ್ಲೇಖಗಳ ಸಂಖ್ಯೆಯನ್ನು ಒಂದೊಂದು ಹೆಚ್ಚಿಸಬೇಕಾಗಿ ಬಂದಾಗ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ, ಪಠ್ಯವನ್ನು ಮಾದರಿಯ ಮೂಲಕ ಹುಡುಕುವ ‘ರೀ’ ಮಾಡ್ಯೂಲ್‌ನಲ್ಲಿರುವ ಹುಡುಕಿ ಬದಲಿಸುವ ‘ಸಬ್’ ಫಂಕ್ಷನ್ ನನ್ನ ಕೆಲಸವನ್ನು ಬಹಳ ಹಗುರಗೊಳಿಸಿತು. ಬದಲಿ ಪಠ್ಯದ ಜಾಗದಲ್ಲಿ ನಾವೇ ಬರೆದ ಫಂಕ್ಷನ್ ಒಂದನ್ನು ಕೊಡಬಹುದೆಂಬುದೇ ಇದರ ದೊಡ್ಡ ಗುಣ: ಸಿಕ್ಕ ಅಂಕಿಗಳನ್ನು ‘ಇಂಟ್’ ಮೂಲಕ ಸಂಖ್ಯೆಯಾಗಿಸಿ, 1 ಕೂಡಿಸಿ, ಮತ್ತೆ ಸ್ಟ್ರಿಂಗ್ (ಪಠ್ಯ) ಮಾಡಿದರೆ ಸಾಕು. ಹಾಗೆ ಮಾಡುವಾಗ ಮೊದಲಿನ ಸೊನ್ನೆ ಕಳೆದುಹೋಗಿ 07 ಎಂಬುದು ಬರಿಯ 8 ಆಗುತ್ತದೆ. ಮೂಲದ ಉದ್ದವನ್ನೇ ಕೊಟ್ಟು, ಎಡಕ್ಕೆ ಸೊನ್ನೆ ತುಂಬುವ ‘ಝೆಡ್‌ಫಿಲ್’ ಕರೆದರೆ 08 ಸಿಗುತ್ತದೆ.

ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ ಬೇರೆಯೇ ಇದೆ. ಪೈಥಾನ್ 3ರಲ್ಲಿ ಅಂಕಿಯನ್ನು ಸೂಚಿಸುವ ರೆಜೆಕ್ಸ್ (ಹುಡುಕುವ ಮಾದರಿಯ) ಚಿಹ್ನೆಯು ಕನ್ನಡದ ಅಂಕಿಗಳನ್ನೂ ಗುರುತಿಸುತ್ತದೆ, ‘ಇಂಟ್’ ಸಹ ೧೨ ಎಂಬುದನ್ನು ಹನ್ನೆರಡೆಂದೇ ಓದುತ್ತದೆ. ಉತ್ತರ ಮಾತ್ರ 13 ಎಂದು ಬರುವುದರಿಂದ, ಅಕ್ಷರಕ್ಕೆ ಅಕ್ಷರ ಬದಲಿಸುವ ‘ಟ್ರಾನ್ಸ್‌ಲೇಟ್’ ಬಳಸಿ ಅದನ್ನು ನಾವೇ ೧೩ ಆಗಿಸಬೇಕು.

ಒಂದು ಕೊರತೆಯನ್ನು ಹೇಳಲೇಬೇಕು. ಫಂಕ್ಷನ್ ಬದಲು ಸಾದಾ ಬದಲಿ ಪಠ್ಯ ಕೊಟ್ಟು, 1ನೇ ಗುಂಪಿನ (ಮಾದರಿಯಲ್ಲಿ ಆವರಣದೊಳಗಿಟ್ಟ ಭಾಗದ) ಗುರುತಿನ ಬೆನ್ನಿಗೇ 0 ಬರೆದರೆ, ಅದನ್ನು 10ನೇ ಗುಂಪೆಂದು ಓದಿ, ಅಂಥ ಗುಂಪಿಲ್ಲದಿದ್ದರೆ ದೋಷ ತೋರಿಸುತ್ತದೆ.