ಜೆಫ್ಲ್ಯಾಪ್: ನೋಡೋಕೆ ಹಳೇದು, ಟಿಒಸಿಗೆ (ಥಿಯರಿ ಆಫ್ ಕಂಪ್ಯೂಟೇಶನ್) ಮಾತ್ರ ಬೇಕೇ ಬೇಕು

ವಿಟಿಯು ಐದನೇ ಸೆಮಿಸ್ಟರ್‌ನಲ್ಲಿ ಆಟೊಮೇಟಾ (ಇನ್‌ಪುಟ್ ಓದುತ್ತಾ ಸ್ಟೇಟ್ ಬದಲಿಸುವ ಕಾಲ್ಪನಿಕ ಮಷಿನ್‌ಗಳು) ಓದುವವರು, ಗೇಟ್ ಪರೀಕ್ಷೆಗೆ ಕೂತವರು ಸುಮ್ನೆ ಜೆಫ್ಲ್ಯಾಪ್ ಹಾಕಿಕೊಳ್ಳಿ. ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯ ಸೂಸನ್ ರಾಡ್ಜರ್ ಮತ್ತು ಅವರ ವಿದ್ಯಾರ್ಥಿಗಳು ಇಂಥ ಮಷಿನ್‌ಗಳನ್ನು ಚಿತ್ರ ಬರೆದು ಓಡಿಸಿ ನೋಡೋಕೆ ಬೆಳೆಸಿದ ಸಾಫ್ಟ್‌ವೇರ್. ಪುಕ್ಕಟೆ. ಜಾವಾ ಇದ್ದರೆ ಸಾಕು, ಜಾರ್ ಫೈಲ್ ತೆರೆದರೆ ಓಡುತ್ತದೆ. ಅಂದಚಂದ ಕೇಳಬೇಡಿ.

ವೃತ್ತ (ಅದೇ ಸ್ಟೇಟ್) ಎಳೆದು, ಬಾಣ ಹಾಕಿ, ಮೇಲೆ 0 ಅಥವಾ 1 ಬರೆದರೆ ಮಷಿನ್ ರೆಡಿ. ಮೂರರಿಂದ ಭಾಗವಾಗುವ ಬೈನರಿ ಸಂಖ್ಯೆಗಳಿಗೆ ಮೂರು ಸ್ಟೇಟ್‌ನ ಡಿಎಫ್‌ಎ (ಪ್ರತಿ ಸ್ಟೇಟ್‌ನಿಂದ ಪ್ರತಿ ಅಕ್ಷರಕ್ಕೂ ಒಂದೇ ಒಂದು ಬಾಣ ಇರುವ ಮಷಿನ್) ಬರೆದು, ಮಲ್ಟಿಪಲ್ ರನ್‌ನಲ್ಲಿ 110, 1001, 111 ಕೊಟ್ಟು ನೋಡಿ. ಮೊದಲ ಎರಡು ಅಕ್ಸೆಪ್ಟ್, ಕೊನೆಯದು ರಿಜೆಕ್ಟ್ ಆಗಬೇಕು.

ಯಾವುದೋ ಭಾಷೆಗೆ (ಅಂದರೆ ಸ್ಟ್ರಿಂಗ್‌ಗಳ ಗುಂಪಿಗೆ) ಡಿಎಫ್‌ಎ ಬರೆಯೋಕೆ ಆಗಲ್ಲ ಅಂತ ತೋರಿಸುವ ಪಂಪಿಂಗ್ ಲೆಮ್ಮಾ ತಲೆಗೆ ಹತ್ತದವರಿಗೆ ಇದರಲ್ಲಿ ಅದೇ ಒಂದು ಆಟವಾಗಿದೆ. ನೀವು ಸ್ಟ್ರಿಂಗ್ ಆರಿಸುತ್ತೀರಿ, ಕಂಪ್ಯೂಟರ್ ಅದನ್ನು ಮೂರು ತುಂಡು ಮಾಡುತ್ತದೆ, ನಡುವಿನ ತುಂಡನ್ನು ಎಷ್ಟು ಸಲ ಹಾಕಿದರೆ ಸ್ಟ್ರಿಂಗ್ ಭಾಷೆಯಿಂದ ಆಚೆ ಬೀಳುತ್ತದೆ ಅಂತ ನೀವು ಹೇಳಬೇಕು. ಯಾವುದು ನಮ್ಮ ಆಯ್ಕೆ, ಯಾವುದು ಎದುರಾಳಿಯದು ಅನ್ನೋದು ಆಡುತ್ತಾ ಆಡುತ್ತಾ ಗೊತ್ತಾಗುತ್ತದೆ. ಲಾಜಿಕ್‌ನಲ್ಲಿ 'ಎಲ್ಲದಕ್ಕೂ', 'ಒಂದಾದರೂ ಇದೆ' ಅಂತ ಬರುತ್ತಲ್ಲ, ಅದರ ಕ್ರಮವೇ ಇದು.

ನನಗೆ ಜಾಸ್ತಿ ಹಿಡಿಸಿದ್ದು ಮಾತ್ರ ಇದರ ಮೆನು. ಎರಡು ಫೈನೈಟ್ ಆಟೊಮೇಟಾ (ಡಿಎಫ್‌ಎ ಥರದವು) ಒಪ್ಪುವ ಭಾಷೆ ಒಂದೇನಾ ಅಂತ ನೋಡೋಕೆ ಒಂದು ಬಟನ್ ಇದೆ, ಬರುವ ಉತ್ತರ ಖಚಿತ. ಪಿಡಿಎಗೆ (ಜೊತೆಗೆ ಒಂದು ಸ್ಟ್ಯಾಕ್ ಮೆಮೊರಿ ಇರುವ ಮಷಿನ್) ಆ ಬಟನ್ ಇಲ್ಲ. ಮಾಡಿದವರು ಮರೆತಿದ್ದಲ್ಲ, ಎಲ್ಲ ಪಿಡಿಎಗಳಿಗೂ ಅದನ್ನು ಹೇಳಬಲ್ಲ ಅಲ್ಗಾರಿದಮ್ ಇರೋಕೇ ಸಾಧ್ಯವಿಲ್ಲ. ಇನ್ನು ನಿಲ್ಲದ ಟ್ಯೂರಿಂಗ್ ಮಷಿನ್ (ಟೇಪ್ ಮೇಲೆ ಓದಿ ಬರೆಯುವ ಮಷಿನ್) ಕೊಟ್ಟರೆ ಸ್ವಲ್ಪ ಹೊತ್ತು ಓಡಿ, ಮುಂದುವರಿಸಲಾ ಅಂತ ನಿಮ್ಮನ್ನೇ ಕೇಳುತ್ತದೆ. ಪಾಪ, ಅದೂ ಏನು ಮಾಡೀತು, ಯಾವ ಮಷಿನ್ ನಿಲ್ಲುತ್ತದೆ ಅಂತ ಮೊದಲೇ ಹೇಳುವ ಸಾಮಾನ್ಯ ವಿಧಾನ ಇಲ್ಲ ಅಂತ ಗಣಿತಜ್ಞ ಅಲನ್ ಟ್ಯೂರಿಂಗ್ ಕೆಲಸದಿಂದಾಗಿ 1936ರಿಂದಲೇ ಗೊತ್ತಿದೆಯಲ್ವಾ.

ಕೊರತೆಗಳೂ ಇವೆ. ಟ್ರುತ್ ಟೇಬಲ್, ಪ್ರೂಫ್ ಬರೆಯೋದು ಇದರಲ್ಲಿ ಇಲ್ಲ, ಲಾಜಿಕ್‌ಗೆ ಬೇರೆ ಏನಾದರೂ ನೋಡಿಕೊಳ್ಳಿ. ಎನ್‌ಎಫ್‌ಎಯನ್ನು (ಒಂದೇ ಅಕ್ಷರಕ್ಕೆ ಹಲವು ಬಾಣ ಇರಬಹುದಾದ ಮಷಿನ್) ಡಿಎಫ್‌ಎ ಮಾಡೋ ಕೆಲಸ ಇದೇ ಮುಗಿಸಿಕೊಡುತ್ತದೆ, ಹಾಗಾಗಿ ಮೊದಲು ಕೈಯಲ್ಲಿ ಮಾಡಿ, ಆಮೇಲೆ ತಾಳೆ ನೋಡಿ. ಖಾಲಿ ಸ್ಟ್ರಿಂಗ್‌ಗೆ ಇದು ಲ್ಯಾಂಬ್ಡಾ ತೋರಿಸುತ್ತದೆ, ನಿಮಗೆ ಎಪ್ಸಿಲಾನ್ ರೂಢಿಯಾಗಿದ್ದರೆ ಪ್ರಿಫರೆನ್ಸಸ್‌ನಲ್ಲಿ ಬದಲಾಯಿಸಿ. ಡಿಎಫ್‌ಎಯಲ್ಲಿ ಒಂದು ಬಾಣ ಬಿಟ್ಟುಹೋದರೂ ಇದು ತಕರಾರು ಮಾಡದೆ ಸುಮ್ನೆ ರಿಜೆಕ್ಟ್ ಅನ್ನುತ್ತದೆ. ಪೇಪರ್ ತಿದ್ದುವವರು ಹಾಗೆ ಬಿಡಲ್ಲ. ಕನ್ವರ್ಟ್ ಮೆನುವಿನಲ್ಲಿ ಟ್ರಾಪ್ ಸ್ಟೇಟ್ (ಬಿಟ್ಟುಹೋದ ಬಾಣಗಳೆಲ್ಲ ಬಂದು ಸೇರುವ, ಆಚೆ ಹೋಗಲಾಗದ ಸ್ಟೇಟ್) ಸೇರಿಸುವ ಆಯ್ಕೆ ಇದೆ, ಪರೀಕ್ಷೆಗೆ ಮುಂಚೆ ಅದನ್ನೊಮ್ಮೆ ಒತ್ತಿ ನೋಡಿ.